ಬರೀ ಬೊಬ್ಬೆ ಹಾಕಿದರೆ ಸಾಲದು, ಮಗಾ

ಕಂಪೈಲರ್‌ಗೆ ಹೊಸ ಎಚ್ಚರಿಕೆಯೊಂದನ್ನು ಸೇರಿಸಿದ್ದೀಯಂತೆ, ಸಂತೋಷ. ತಪ್ಪು ಹಿಡಿಯುವುದಕ್ಕೆ ನಿದ್ದೆಗೆಟ್ಟವನು ಅದನ್ನು ಹೇಳುವ ವಾಕ್ಯವನ್ನು ಮಾತ್ರ ಗೀಚಿ ಬಿಸಾಡಿದ್ದೀಯಲ್ಲ ಮಾರಾಯ! ಬುದ್ಧಿ ನಿನಗೆ ಬೇಕಾದಷ್ಟುಂಟು. ಬರಗಾಲ ತಾಳ್ಮೆಗೆ.

ಅಡಿಕೆ ಮರದ ಅರ್ಧಕ್ಕೇರಿದವನಿಗೆ ಕೆಳಗೆ ನಿಂತು "ಹುಷಾರು!" ಎಂದರೆ ಅವನು ಎಂತ ಮಾಡಬೇಕು? "ಎಡಗಾಲಿನ ಹಗ್ಗ ಸವೆದಿದೆ, ಮೆಲ್ಲ ಇಳಿ" ಅನ್ನು. ಎಲ್ಲಿ, ಏನು, ಮುಂದೆಂತ ಎಂಬ ಮೂರೂ ಬಂತು.

ಸಿ ಭಾಷೆಯಲ್ಲಿ ಹೋಲಿಸಲು == ಬೇಕು. ಅವಸರದ ಕೈ ಒಂದೇ = ಒತ್ತುತ್ತದೆ. ಹೋಲಿಸುವುದು ಹೋಗಿ ಬೆಲೆಯೇ ಬದಲಾಗುತ್ತದೆ. ಜಿಸಿಸಿ ಕಂಪೈಲರ್ ಇದನ್ನು ಹಿಡಿಯುತ್ತದೆ, ಆದರೆ ಹೇಳುವುದು "ಸುತ್ತ ಆವರಣ ಹಾಕಿದರೆ ಒಳ್ಳೆಯದು" ಎಂಬರ್ಥದ ಮಾತು. ಹೇಳಿದ್ದು ಕೇಳುವ ಹುಡುಗ ಇನ್ನೊಂದು ಜೊತೆ ಆವರಣ ಹಾಕುತ್ತಾನೆ. ಎಚ್ಚರಿಕೆ ಮಾಯ, ತಪ್ಪು ಅಲ್ಲೇ! ಕ್ಲಾಂಗ್ ಹಾಗಲ್ಲ. ಕಂಡದ್ದನ್ನು ಮೊದಲು ಹೇಳುತ್ತದೆ, ಮತ್ತೆ ಎರಡು ದಾರಿ ತೋರಿಸುತ್ತದೆ: ಬೇಕೆಂದೇ ಬರೆದದ್ದಾದರೆ ಆವರಣ ಹಾಕು, ಹೋಲಿಸಬೇಕಿದ್ದರೆ == ಬರೆ. ಬರೆದವರ ಮನಸ್ಸಿನಲ್ಲಿ ಎಂತ ಇತ್ತು ಎಂದು ನಿನಗೆ ಗೊತ್ತಿಲ್ಲ. ಗೊತ್ತಿದ್ದವರ ಗತ್ತು ಬೇಡ.

ಮನುಷ್ಯರ ಸ್ವಭಾವವನ್ನೂ ಸ್ವಲ್ಪ ನೋಡು. ಕಿರಿಕಿರಿಯಾದರೆ ಮೊದಲು ಬಾಯಿ ಮುಚ್ಚಿಸುತ್ತಾರೆ, ಕಾರಣ ಹುಡುಕುವುದು ಆಮೇಲೆ. 2006ರಲ್ಲಿ ಡೆಬಿಯನ್‌ನವರ ಓಪನ್‌ಎಸ್‌ಎಸ್‌ಎಲ್ ಎಂಬ ಗೂಢಲಿಪಿ ಕೋಡಿನಲ್ಲಿ ಆದದ್ದೂ ಅದೇ. ಅಲ್ಲಿ ದೂರು ಹೇಳಿದ್ದು ಕಂಪೈಲರ್ ಅಲ್ಲ, ಮೆಮೊರಿ ತಪಾಸಣೆಯ ವಾಲ್‌ಗ್ರಿಂಡ್. ಅದರ ದೂರು ನಿಲ್ಲಿಸಲು ಕೋಡನ್ನೇ ತೆಗೆದರು. ಅದರೊಟ್ಟಿಗೆ ಬೀಗದ ಕೈಗಳ ಗುಟ್ಟೂ ಹೋಯಿತು. ಊಹಿಸಲಾಗದ ಸಂಖ್ಯೆಗಳಿಗೆ ಉಳಿದ ಆಧಾರ ಪ್ರೋಸೆಸ್ ಸಂಖ್ಯೆಯೊಂದೇ, ಹೆಚ್ಚೆಂದರೆ 32,768 ಬಗೆ. ಬಯಲಾದದ್ದು 2008ರ ಮೇ ತಿಂಗಳಲ್ಲಿ. ಹಾಗಾಗಿ ಏನು ಕಂಡಿತು ಎಂಬುದರ ಜೊತೆ, ಬಿಟ್ಟರೆ ಏನಾದೀತು ಎಂಬುದನ್ನೂ ಹೇಳು. ಸುಮ್ಮಸುಮ್ಮನೆ ಬೊಬ್ಬೆ ಹಾಕಬೇಡ. ದಿನವಿಡೀ ವಟಗುಟ್ಟುವ ಅಜ್ಜನ ಮಾತನ್ನು ಮನೆಯಲ್ಲಿ ಯಾರು ಕೇಳುತ್ತಾರೆಂದು ನಿನಗೇ ಗೊತ್ತುಂಟಲ್ಲ!

ಒಳ್ಳೆಯದನ್ನೂ ನೋಡಿ ಕಲಿ. ಆಪಲ್‌ನ ಭದ್ರತಾ ಕೋಡಿನಲ್ಲಿ 'ಗೋಟು ಫೇಲ್' ಎಂಬ ಸಾಲು ಎರಡು ಸಲ ಬಿದ್ದದ್ದು 2014ರಲ್ಲಿ ಬಯಲಾಯಿತು. ಎರಡನೆಯದು ಒಳಸರಿದು ಕೂತದ್ದರಿಂದ 'ಇಫ್'ಗೆ ಸೇರಿದ್ದೆಂದೇ ಕಣ್ಣಿಗೆ ತೋರಿತು. 2016ರ ಜಿಸಿಸಿ 6 ಇಂಥದ್ದಕ್ಕೆ ಎಚ್ಚರಿಸಲು ಕಲಿತಿತು. 'ಇಫ್' ಎಲ್ಲಿದೆ, ಮೋಸದ ಸಾಲು ಯಾವುದು ಎಂದು ಎರಡನ್ನೂ ತೋರಿಸಿ, ಈ ಸಾಲು ಅದರ ಹಿಡಿತದಲ್ಲಿಲ್ಲ ಎನ್ನುತ್ತದೆ. ಬೈಗುಳವಿಲ್ಲ, ಪಾಂಡಿತ್ಯವಿಲ್ಲ.

ನಿನ್ನದೋ, ಪಾಂಡಿತ್ಯವೇ ಹೆಚ್ಚು. 'ಎಲ್‌ವ್ಯಾಲ್ಯೂ', 'ಟೋಕನ್' ಎಲ್ಲ ಕಂಪೈಲರ್ ಕಟ್ಟುವವರ ಮನೆಮಾತು. ಬದಿಯಡ್ಕದಲ್ಲೋ ಪೆರ್ಲದಲ್ಲೋ ಕನ್ನಡ ಮಾಧ್ಯಮದಲ್ಲಿ ಕಲಿತು ಪೊವ್ವಲಿನ ಎಲ್‌ಬಿಎಸ್ ಇಂಜಿನಿಯರಿಂಗ್ ಕಾಲೇಜಿಗೆ ಹೊಸದಾಗಿ ಸೇರಿದ ಹುಡುಗಿಗೆ ಇಂಗ್ಲಿಷೇ ಒಂದು ಹೊರೆ. ಅದರ ಮೇಲೆ ನಿನ್ನ ಹೊರೆಯೂ ಯಾಕೆ? ಅವಳೇ ಇಟ್ಟ ಹೆಸರುಗಳನ್ನು ಬಳಸು, ಸಾಲಿನ ಸಂಖ್ಯೆ ಕೊಡು, ವಾಕ್ಯ ಗಿಡ್ಡ ಮಾಡು. ರಸ್ಟ್ ನೋಡು: ಬಳಸದ ಹೆಸರು ಕಂಡರೆ, ಬೇಕೆಂದೇ ಬಿಟ್ಟದ್ದಾದರೆ ಮುಂದೊಂದು ಅಡಿಗೆರೆ ಹಾಕು ಎನ್ನುತ್ತದೆ. ಅಷ್ಟೇ ಸಾಕು.

ಬರೆದಾದ ಮೇಲೆ ಅಂಥವಳೊಬ್ಬಳಿಗೆ ತೋರಿಸು. ವಿವರಿಸಲು ಬಾಯಿ ತೆರೆಯಬೇಡ. ಅವಳು ನೇರ ತಪ್ಪಿದ ಸಾಲಿಗೆ ಹೋದರೆ ನೀನು ಗೆದ್ದೆ. ನಿನ್ನ ಮುಖ ನೋಡಿದರೆ, ತಿದ್ದಬೇಕಾದದ್ದು ಅವಳ ಕೋಡಲ್ಲ, ನಿನ್ನ ವಾಕ್ಯ.