ನಸುಕಿನ ಎದೆನೋವು, ಮಕ್ಕಳು ಬಾಯಿಬಿಡದ ಮಾತು

2021ರ ಅಕ್ಟೋಬರ್‌ನಲ್ಲಿ ನಟ ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೆ ಹೃದಯದ ತೊಂದರೆಯಿಂದ ತೀರಿಕೊಂಡ ಮೇಲೆ, ನಮ್ಮ ಮನೆಗಳಲ್ಲಿ ಹರೆಯದ ಮಕ್ಕಳು ‘ಎದೆ ನೋಯ್ತಿದೆ’ ಎಂದರೆ ಆ ಮಾತಿನ ತೂಕವೇ ಬೇರೆಯಾಗಿದೆ. ಕೆಲವರು ಅಂದೇ ದೊಡ್ಡಾಸ್ಪತ್ರೆಗೆ ಓಡುತ್ತಾರೆ. ಇನ್ನು ಕೆಲವರು ‘ಗ್ಯಾಸ್ಟ್ರಿಕ್ ಇರಬೇಕು’ ಎಂದು ಓಮದ ನೀರು ಕುಡಿಸಿ ಮಲಗಿಸುತ್ತಾರೆ. ಎರಡರ ಹಿಂದೆಯೂ ಇರುವುದು ಮಗುವಿನ ಮೇಲಿನ ಅಕ್ಕರೆಯೇ. ಶಾಲೆಗೆ ಹೋಗುವ ಮಕ್ಕಳ ಎದೆನೋವಿಗೆ ಹೃದಯ ಕಾರಣವಾಗುವುದು ತೀರಾ ಅಪರೂಪ. ಪಕ್ಕೆಲುಬಿನ ಕೀಲು, ಎದೆಗೂಡಿನ ಸ್ನಾಯು, ಹುಳಿತೇಗು, ಅಸ್ತಮಾ, ಪರೀಕ್ಷೆಯ ಆತಂಕ ಇವೇ ಹೆಚ್ಚು. ಆದರೆ ಕಾಲೇಜು ದಾಟಿ ಕೆಲಸಕ್ಕೆ ಸೇರಿದ ಮಕ್ಕಳ ವಿಷಯದಲ್ಲಿ ಸುಲಭವಾಗಿ ಕಣ್ತಪ್ಪಿಹೋಗುವ ಕಾರಣವೊಂದಿದೆ. ಅದು ಹೃದಯಕ್ಕೆ ರಕ್ತ ಕೊಡುವ ಕರೋನರಿ ರಕ್ತನಾಳದ ಸೆಳೆತ. ವೈದ್ಯರು ಇದನ್ನು ಕರೋನರಿ ಸ್ಪಾಸಮ್ ಎನ್ನುತ್ತಾರೆ. ಹೆಚ್ಚಿನವರಲ್ಲಿ ಕಾಣುವಂಥದ್ದಲ್ಲ, ಆದರೆ ಕಾಣಿಸಿಕೊಂಡಾಗ ಗುರುತು ಹಿಡಿಯಲೇಬೇಕಾದದ್ದು.

ಈ ರಕ್ತನಾಳಗಳ ಗೋಡೆಯಲ್ಲಿ ತೆಳುವಾದ ಸ್ನಾಯು ಇರುತ್ತದೆ. ಒಳಗಿನ ಪದರವು ನೈಟ್ರಿಕ್ ಆಕ್ಸೈಡ್ ಎಂಬ ವಸ್ತುವನ್ನು ಸ್ರವಿಸಿ ಆ ಸ್ನಾಯುವನ್ನು ಸಡಿಲವಾಗಿ ಇಟ್ಟಿರುತ್ತದೆ. ಒಳಪದರ ಕೆಟ್ಟರೆ ಸಡಿಲಿಸುವ ಶಕ್ತಿ ಕುಗ್ಗುತ್ತದೆ, ಸ್ನಾಯು ಸಣ್ಣ ಪ್ರಚೋದನೆಗೂ ಬಿಗಿಯಾಗುತ್ತದೆ. ರಾತ್ರಿ ನಿದ್ದೆಯಲ್ಲಿ ಮೀನಖಂಡ ಹಿಡಿದುಕೊಂಡು, ಸ್ವಲ್ಪ ಹೊತ್ತಿಗೆ ತಾನೇ ಬಿಡುತ್ತದಲ್ಲ, ಹಾಗೆ. ಬಿಗಿಯಾಗಿರುವಷ್ಟು ಹೊತ್ತು ಹೃದಯದ ಸ್ನಾಯುವಿಗೆ ರಕ್ತ ಸಾಲದೆ ಎದೆ ಹಿಂಡಿದಂತೆ, ಒತ್ತಿ ಹಿಡಿದಂತೆ ಆಗುತ್ತದೆ. ಸಾಮಾನ್ಯವಾಗಿ ಕೆಲವು ನಿಮಿಷಗಳಲ್ಲಿ ಬಿಡುತ್ತದೆ. ಹೆಚ್ಚು ಹೊತ್ತು ಬಿಡದಿದ್ದರೆ ಹೃದಯಾಘಾತವಾಗಬಹುದು, ಹೃದಯದ ಬಡಿತದ ಲಯವೇ ತಪ್ಪಬಹುದು.

ಅಮೆರಿಕದ ವೈದ್ಯ ಮೈರನ್ ಪ್ರಿಂಜ್‌ಮೆಟಲ್ ಮತ್ತು ಸಂಗಡಿಗರು 1959ರಲ್ಲಿ ಇದನ್ನು ವಿವರಿಸಿದಾಗ ಎತ್ತಿ ಹೇಳಿದ್ದು, ಈ ನೋವು ಬರುವುದು ವಿಶ್ರಾಂತಿಯಲ್ಲಿರುವಾಗ ಎಂಬುದನ್ನು. ನಡುರಾತ್ರಿಯಿಂದ ನಸುಕಿನವರೆಗಿನ ಹೊತ್ತು ಇದಕ್ಕೆ ಪ್ರಶಸ್ತ, ಏಕೆಂದರೆ ಆಗ ರಕ್ತನಾಳಗಳ ಬಿಗಿತ ದಿನದ ಬೇರೆ ಹೊತ್ತಿಗಿಂತ ಹೆಚ್ಚಿರುತ್ತದೆ. ಹಾಗಾಗಿ ನಾಲ್ಕು ಗಂಟೆಗೆ ಎದೆ ಹಿಡಿದುಕೊಂಡು ಕೂತ ಮಗ ಸಂಜೆ ಯಾವ ತೊಂದರೆಯೂ ಇಲ್ಲದೆ ಕ್ರಿಕೆಟ್ ಆಡಬಲ್ಲ. ಹತ್ತು ಗಂಟೆಗೆ ಕ್ಲಿನಿಕ್ಕಿನಲ್ಲಿ ತೆಗೆಸಿದ ಇಸಿಜಿ ಸರಿಯಾಗಿಯೇ ಬರುತ್ತದೆ. ‘ಇಸಿಜಿ ನಾರ್ಮಲ್ ಇದೆ, ಕೆಲಸಕ್ಕೆ ಹೋಗೋಕೆ ಸೋಮಾರಿತನ’ ಎಂಬ ತೀರ್ಮಾನ ಹುಟ್ಟುವುದು ಇಲ್ಲೇ. ಇಸಿಜಿ ಹೇಳುವುದು ಅದನ್ನು ತೆಗೆದ ಹೊತ್ತಿನ ಸ್ಥಿತಿಯನ್ನು ಮಾತ್ರ. ನಾಲ್ಕು ಗಂಟೆಯ ನೋವು ಸುಳ್ಳೆಂದು ಅದು ಹೇಳುವುದಿಲ್ಲ.

ಕಾರಣಗಳಲ್ಲಿ ಧೂಮಪಾನಕ್ಕೆ ಮೊದಲ ಸ್ಥಾನ. ಒಳಪದರವನ್ನು ಕೆಡಿಸುವುದೇ ಅದು. ಕೊಕೇನ್‌ನಂಥ ಮಾದಕ ವಸ್ತು ರಕ್ತನಾಳವನ್ನು ನೇರವಾಗಿ ಬಿಗಿಯುತ್ತದೆ. ಮೈಗ್ರೇನ್‌ಗೆ ಕೊಡುವ ಸುಮಾಟ್ರಿಪ್ಟಾನ್, ಮೂಗು ಕಟ್ಟಿದ್ದಕ್ಕೆ ತೆಗೆದುಕೊಳ್ಳುವ ಕೆಲವು ಮಾತ್ರೆಗಳೂ ಈ ಪಟ್ಟಿಯಲ್ಲಿವೆ. ವಿಪರೀತ ಮದ್ಯ, ಚಳಿ, ನಿದ್ದೆಗೇಡು, ಮನಸ್ಸಿನ ಒತ್ತಡ ಸೇರಿಕೊಳ್ಳುತ್ತವೆ. ಸಿಗರೇಟು ಮುಟ್ಟದ ಹೆಣ್ಣುಮಕ್ಕಳಲ್ಲೂ ಇದು ಬರಬಹುದು ಎಂಬುದನ್ನು ಮರೆಯಬಾರದು.

ಈ ಪಟ್ಟಿಯನ್ನು ಇನ್ನೊಮ್ಮೆ ನೋಡಿ. ಇದರಲ್ಲಿ ಅರ್ಧದಷ್ಟು ಸಂಗತಿಗಳು ಮಕ್ಕಳು ಅಪ್ಪ ಅಮ್ಮನ ಮುಂದೆ ಹೇಳದಂಥವು. ವೈದ್ಯನಾದ ನನ್ನ ಮುಂದಿನ ಕುರ್ಚಿಗಳಲ್ಲಿ ಮತ್ತೆ ಮತ್ತೆ ಕಾಣುವ ನೋಟ ಇದು: ನಡುವೆ ಇಪ್ಪತ್ತೆರಡರ ಹುಡುಗ, ಎರಡು ಪಕ್ಕ ತಂದೆ ತಾಯಿ. ನಾನು ಕೇಳುವುದು ಅವನನ್ನು, ಉತ್ತರಿಸುವುದು ತಂದೆ. ‘ನಮ್ಮ ಹುಡುಗನಿಗೆ ಯಾವ ಚಟವೂ ಇಲ್ಲ ಸಾರ್.’ ಹುಡುಗ ಮೊಬೈಲಿನ ಕವರಿನ ಅಂಚು ಕೀಳುತ್ತಾ ಕೂತಿರುತ್ತಾನೆ. ಹಿರಿಯರು ಹೊರಗೆ ಹೋದ ಮೇಲೆ, ರಾತ್ರಿ ಪಾಳಿಯಲ್ಲಿ ಎಚ್ಚರ ಇರಲು ಸೇದುವ ಸಿಗರೇಟು, ಮಲಗುವ ಮುಂಚೆ ಕೊನೆಯದೊಂದು, ಎಲ್ಲ ಒಂದೊಂದಾಗಿ ಹೊರಬರುತ್ತದೆ. ಅವನಿಗೆ ಸುಳ್ಳು ಹೇಳುವ ಆಸೆಯೇನಿಲ್ಲ. ಅಪ್ಪನ ಮುಖ ಚಿಕ್ಕದಾಗುವುದನ್ನು ನೋಡಲಾರ, ಅಷ್ಟೇ. ಗದರಿಕೆಗಿಂತ ನಿಮ್ಮ ನಿರಾಸೆಗೆ ಹೆಚ್ಚು ಹೆದರುವ ವಯಸ್ಸು ಅದು.

ಆದ್ದರಿಂದ ನಿಮ್ಮಲ್ಲಿ ನನ್ನ ಕೋರಿಕೆ: ಮಗನನ್ನೋ ಮಗಳನ್ನೋ ವೈದ್ಯರ ಜೊತೆ ಹತ್ತು ನಿಮಿಷ ಒಂಟಿಯಾಗಿ ಬಿಡಿ. ಹೊರಗೆ ಬಂದ ಮೇಲೆ ‘ಏನು ಹೇಳಿದೆ?’ ಎಂದು ಕೆದಕಬೇಡಿ, ವೈದ್ಯರನ್ನೂ ಕೆದಕಬೇಡಿ.

ಮನೆಯಲ್ಲಿ ನೋವು ಬಂದಾಗ ಸುತ್ತ ಜನ ಕೂಡಿ ಗಾಬರಿಯಾದರೆ ಮಗುವಿನ ಉಸಿರು ಜೋರಾಗುತ್ತದೆ. ಸೆಳೆತದ ಪ್ರವೃತ್ತಿ ಇರುವವರಲ್ಲಿ ಜೋರು ಉಸಿರಾಟವೇ ಇನ್ನೊಂದು ಸೆಳೆತ ತರಬಲ್ಲದು. ಈ ಕಾಯಿಲೆಯನ್ನು ಪತ್ತೆಮಾಡಲು ಆಸ್ಪತ್ರೆಗಳಲ್ಲಿ ಬೇಕೆಂದೇ ವೇಗವಾಗಿ ಉಸಿರಾಡಿಸಿ ನೋಡುವ ಪರೀಕ್ಷೆ ಬಳಕೆಯಲ್ಲಿತ್ತು. ಹಾಗಾಗಿ ಕೂರಿಸಿ, ಬೆನ್ನಿಗೆ ದಿಂಬು ಕೊಟ್ಟು, ಮೆತ್ತಗೆ ಮಾತಾಡಿ. ಆದರೆ ‘ಟೆನ್ಷನ್ನು ಅಷ್ಟೇ’ ಎಂದು ತಳ್ಳಿಹಾಕಬೇಡಿ, ಆತಂಕ ಮತ್ತು ಸೆಳೆತ ಎರಡೂ ಒಟ್ಟಿಗೆ ಇರಬಹುದು. ಮೊದಲ ಸಲ ಬಂದ ಹಿಂಡುವ ನೋವಾಗಲಿ, ಬೆವರು, ತಲೆಸುತ್ತು, ಉಸಿರು ಕಟ್ಟುವುದಾಗಲಿ, ವೈದ್ಯರು ಕೊಟ್ಟ ಮಾತ್ರೆಗೂ ಬಗ್ಗದ ನೋವಾಗಲಿ ಇದ್ದರೆ 108ಕ್ಕೆ ಕರೆ ಮಾಡಿ, ಇಸಿಜಿ ಇರುವ ಹತ್ತಿರದ ಆಸ್ಪತ್ರೆಗೆ ಹೋಗಿ. ದೂರದ ಹೆಸರುವಾಸಿ ಆಸ್ಪತ್ರೆಯ ಲೆಕ್ಕಾಚಾರ ಆಮೇಲೆ. ನೋವಿರುವಾಗಲೇ ತೆಗೆದ ಒಂದು ಇಸಿಜಿ, ಆಮೇಲೆ ತೆಗೆದ ಹತ್ತಕ್ಕಿಂತ ಹೆಚ್ಚು ಹೇಳುತ್ತದೆ. ನೋವು ಶುರುವಾದ ಹೊತ್ತು, ಎಷ್ಟು ನಿಮಿಷ ಇತ್ತು, ಹಿಂದಿನ ರಾತ್ರಿ ಏನು ತಿಂದ, ಯಾವ ಮಾತ್ರೆ ನುಂಗಿದ, ಎಷ್ಟು ಮಲಗಿದ ಎಂಬುದನ್ನು ಅವನೇ ಬರೆದಿಡಲಿ.

ಇಡೀ ದಿನ ಮೈಮೇಲೆ ಕಟ್ಟಿಕೊಳ್ಳುವ ಹೋಲ್ಟರ್ ಯಂತ್ರ ಕೆಲವೊಮ್ಮೆ ಸೆಳೆತವನ್ನು ಹಿಡಿಯುತ್ತದೆ. ಆಂಜಿಯೋಗ್ರಾಂನಲ್ಲಿ ‘ಬ್ಲಾಕ್ ಇಲ್ಲ’ ಎಂದು ಬಂದರೆ ಸಂತೋಷವೇ, ಆದರೆ ಸೆಳೆತ ಇಲ್ಲವೆಂದು ಅದರಿಂದ ಹೇಳಲಾಗದು.

ಚಿಕಿತ್ಸೆ ಚೆನ್ನಾಗಿಯೇ ಇದೆ. ಡಿಲ್ಟಿಯಾಜೆಮ್, ಆಮ್ಲೋಡಿಪಿನ್‌ನಂಥ ಔಷಧಗಳು ಸ್ನಾಯುವಿಗೆ ಕ್ಯಾಲ್ಸಿಯಂ ನುಗ್ಗುವುದನ್ನು ತಡೆದು ಅದನ್ನು ಸಡಿಲಿಸುತ್ತವೆ. ತಾತನ ಬಿಪಿ ಮಾತ್ರೆಯ ಹೆಸರೂ ಇದೇ ಇರಬಹುದು. ಹಾಗೆಂದು ಅವರ ಡಬ್ಬಿಯಿಂದ ಕೊಡಬೇಡಿ. ನೋವು ನಿಂತಿತೆಂದು ಮಾತ್ರೆಯನ್ನು ತಟ್ಟನೆ ಬಿಡಿಸಲೂಬೇಡಿ, ಸೆಳೆತ ಮರುಕಳಿಸುವುದು ಹೆಚ್ಚಾಗಿ ಆಗಲೇ. ಆತಂಕಕ್ಕೆ, ತಲೆನೋವಿಗೆ ಕೊಡುವ ಪ್ರೊಪ್ರನೊಲಾಲ್ ಇದನ್ನು ಹೆಚ್ಚಿಸಬಹುದಾದ್ದರಿಂದ ಹಳೆಯ ಚೀಟಿಗಳನ್ನೆಲ್ಲ ವೈದ್ಯರಿಗೆ ತೋರಿಸಿ. ನೋವು ಬಂದಾಗ ನಾಲಿಗೆ ಕೆಳಗಿಡುವ ನೈಟ್ರೇಟ್ ಮಾತ್ರೆಯನ್ನು ಕೂತುಕೊಂಡೇ ಇಟ್ಟುಕೊಳ್ಳಬೇಕು. ಸಿಲ್ಡೆನಾಫಿಲ್‌ನಂಥ ಲೈಂಗಿಕ ಶಕ್ತಿಯ ಮಾತ್ರೆ ನುಂಗಿದವರಿಗೆ ಅದನ್ನು ಕೊಟ್ಟರೆ ರಕ್ತದೊತ್ತಡ ಅಪಾಯದ ಮಟ್ಟಕ್ಕೆ ಕುಸಿಯುತ್ತದೆ. ಅಪ್ಪ ಅಮ್ಮನ ಮುಂದೆ ಈ ಮಾತನ್ನು ಯಾವ ಹುಡುಗ ಹೇಳುತ್ತಾನೆ? ಆ ಹತ್ತು ನಿಮಿಷಕ್ಕೆ ನಾನು ಪಟ್ಟು ಹಿಡಿಯುವುದು ಇದಕ್ಕೂ ಸೇರಿ.

ಇನ್ನು ಸಿಗರೇಟು. ದೇವರ ಮುಂದೆ ನಿಲ್ಲಿಸಿ ಆಣೆ ಮಾಡಿಸುವ ಮನೆಗಳಿವೆ. ನಿಕೋಟಿನ್ ಬಿಟ್ಟ ಮೊದಲ ವಾರಗಳಲ್ಲಿ ನಿದ್ದೆ ಕೆಡುವುದು, ಸಿಡುಕು, ಏಕಾಗ್ರತೆ ತಪ್ಪುವುದು ಎಲ್ಲ ಮೆದುಳಿನ ರಾಸಾಯನಿಕ ವ್ಯತ್ಯಾಸದಿಂದ ಆಗುವಂಥವು. ಒಮ್ಮೆ ಜಾರಿ ಸೇದಿದವನಿಗೆ ಆಣೆ ಮುರಿದ ಪಾಪಪ್ರಜ್ಞೆಯೂ ಸೇರಿ, ಮುಂದಿನದನ್ನು ಇನ್ನೂ ಗುಟ್ಟಾಗಿ ಸೇದುತ್ತಾನೆ. ‘ಜಾರಿದರೆ ಬಂದು ಹೇಳು, ಮತ್ತೆ ಶುರು ಮಾಡೋಣ’ ಎನ್ನುವ ಮನೆಯಲ್ಲಿ ಬಿಡುವುದು ಸುಲಭ. ತಂಬಾಕು ಬಿಡಲು ನೆರವಾಗುವ ರಾಷ್ಟ್ರೀಯ ಉಚಿತ ಸಹಾಯವಾಣಿ 1800-11-2356. ನಿಕೋಟಿನ್ ಗಮ್ ಕೊಡಿಸುವ ಮುನ್ನ ಮಾತ್ರ ಹೃದಯ ವೈದ್ಯರನ್ನು ಕೇಳಿ, ನಿಕೋಟಿನ್ ತಾನೇ ರಕ್ತನಾಳವನ್ನು ಬಿಗಿಯುವಂಥದ್ದು. ಮನೆಯಲ್ಲಿ ಅಪ್ಪನೂ ಸೇದುವವರಾಗಿದ್ದರೆ, ಆ ಸಂಖ್ಯೆಗೆ ಇಬ್ಬರೂ ಒಂದೇ ದಿನ ಕರೆ ಮಾಡಬಹುದು.