ಆತ್ಮಹತ್ಯೆ ಅಪಾಯದ ಅಂದಾಜು: ತುರ್ತು ವಿಭಾಗದಲ್ಲಿ

ಖಿನ್ನತೆ ಅಥವಾ ಬೈಪೋಲಾರ್ ಕಾಯಿಲೆಯ ರೋಗಿ ಅಂತರಸನಹಳ್ಳಿಯಿಂದ ತುಮಕೂರು ಜಿಲ್ಲಾಸ್ಪತ್ರೆಯ ತುರ್ತು ವಿಭಾಗಕ್ಕೆ ಬಂದಾಗ, 'ಬದುಕು ಸಾಕು ಅನ್ನಿಸಿದೆಯೇ?' ಎಂದು ಏಕಾಂತದಲ್ಲಿ ನೇರವಾಗಿ ಕೇಳಬೇಕು. ಕೇಳಿದರೆ ಆ ಯೋಚನೆ ಹುಟ್ಟುತ್ತದೆ ಎಂಬುದು ತಪ್ಪು ನಂಬಿಕೆ. ಹಿಂದಿನ ಯತ್ನ ಅಪಾಯದ ಬಲವಾದ ಸೂಚನೆ. ಹತಾಶೆ, ನಿದ್ರಾಹೀನತೆ, ಕುಡಿತ, ಒಂಟಿತನವನ್ನೂ ವಿಚಾರಿಸಬೇಕು. ಅಪಾಯ ಅಳೆಯುವ ಅಂಕಪಟ್ಟಿಯನ್ನಷ್ಟೇ ನಂಬಿ ಮನೆಗೆ ಕಳಿಸುವುದು ಸರಿಯಲ್ಲ. ಮನೆಯವರ ಮಾತು, ಸುರಕ್ಷತಾ ಯೋಜನೆ, ಮರುಭೇಟಿಯ ದಿನಾಂಕ ಮೂರೂ ಬೇಕು.

ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017, ಸೆಕ್ಷನ್ 115: ಬೇರೆ ರೀತಿ ಸಾಬೀತಾಗದ ಹೊರತು, ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಆರೈಕೆ, ಪುನರ್ವಸತಿ ಸರ್ಕಾರದ ಹೊಣೆ.

ಟೆಲಿ ಮಾನಸ್ (ದೂರವಾಣಿ ಮಾನಸಿಕ ಆರೋಗ್ಯ ಸೇವೆ): ಆರಂಭ 2022 ಅಕ್ಟೋಬರ್ 10, ಉಚಿತ ಸಹಾಯವಾಣಿ 14416, ಕನ್ನಡದಲ್ಲೂ ಲಭ್ಯ, ನೋಡಲ್ ಕೇಂದ್ರ ಬೆಂಗಳೂರಿನ ನಿಮ್ಹಾನ್ಸ್.