ಎರೆ ಬದುಕಿರಬೇಕು

ಕೊರವ ಮೀನು ಜೊಂಡಿನ ಬುಡದಲ್ಲಿ ಅಲುಗಾಡದೆ ಹೊಂಚು ಹಾಕುವ ಜಾತಿ. ಮುಂದೆ ಏನಾದರೂ ಮಿಸುಕಿದರೆ ನುಗ್ಗಿ ಬಾಯಿ ಹಾಕುತ್ತದೆ, ಸತ್ತು ತೇಲುವ ಎರೆಯ ಕಡೆ ತಿರುಗುವುದು ಕಡಿಮೆ. ಹರವೆ ಕಡೆಯ ಕೆರೆಗಳಲ್ಲಿ ತೆಪ್ಪದ ಮೇಲೆ ಕೂತು ಗಾಳ ಹಾಕುತ್ತಾ ನಾನು ಕಲಿತ ವಿದ್ಯೆಯಲ್ಲಿ ಮುಕ್ಕಾಲು ಪಾಲು ಸಣ್ಣ ಮೀನನ್ನು ಬದುಕಿಸಿಕೊಳ್ಳುವುದೇ.

ನಮ್ಮದು ಮಳೆನೆರಳಿನ ಸೀಮೆ. ಕೆರೆ ಬತ್ತಿ ನೆಲ ಬಿರಿಯುವುದನ್ನು ನೋಡುತ್ತಲೇ ಬೆಳೆದವರು ನಾವು. ಆಲಂಬೂರಿನಿಂದ ಪಂಪ್ ಮಾಡಿದ ಕಬಿನಿ ನೀರು ಈ ಭಾಗದ ಹಲವು ಕೆರೆಗಳಿಗೆ ಬರತೊಡಗಿದ ಮೇಲೆ ಗಾಳದವರಿಗೂ ಜೀವ ಬಂತು. ಕಬಿನಿ ಎಂದರೆ ಗಾಳದವರಿಗೆ ದೊಡ್ಡ ಹೆಸರು: ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು 1946ರಲ್ಲಿ 120 ಪೌಂಡ್, ಅಂದರೆ ಸುಮಾರು 54 ಕಿಲೋ ತೂಗುವ ಮಹಶೀರ್ ಮೀನನ್ನು ಎಳೆದದ್ದು ಆ ಹೊಳೆಯಲ್ಲೇ. ಹರಿಯುವ ನೀರಿನ ಮಹಶೀರ್ ನಮ್ಮ ಕೆರೆಗಳಿಗೆ ಸೇರಿದ್ದಲ್ಲ. ನಮಗೆ ಕೊರವವೇ ದೊರೆ. ನೀರಿನ ಮೇಲೆ ಬಂದು ಗಾಳಿ ಕುಡಿಯುವ ಮೀನಾದ್ದರಿಂದ ಕೆರೆ ಇಂಗುವಾಗಲೂ ಕೆಸರಿನಲ್ಲಿ ಹುದುಗಿ ಜೀವ ಹಿಡಿದಿರುತ್ತದೆ.

ಕೆರೆ ಗುತ್ತಿಗೆ ಹಿಡಿದವರನ್ನು ಕೇಳದೆ ತೆಪ್ಪ ಇಳಿಸಬಾರದು. ಅವರು ಕಟ್ಲಾ, ರೋಹು ಮರಿ ಬಿಟ್ಟಿರುತ್ತಾರೆ, ಕೊರವ ಆ ಮರಿಗಳನ್ನೇ ನುಂಗುತ್ತದೆ. ಹಾಗಾಗಿ ಕೊರವಕ್ಕೆ ಗಾಳ ಅಂದರೆ ಸಾಮಾನ್ಯವಾಗಿ ಬೇಡ ಅನ್ನುವುದಿಲ್ಲ.

ಮೊದಲ ಕೆಲಸ ಎರೆ ಹಿಡಿಯುವುದು. ಎರೆಹುಳದ ಚೂರು ಸಿಕ್ಕಿಸಿದ ಸಣ್ಣ ಗಾಳಕ್ಕೆ ದಡದಲ್ಲೇ ಸಸಲು ಬೀಳುತ್ತವೆ. ಬೆರಳುದ್ದದ್ದು ಸಾಕು. ಅವನ್ನು ಇಡುವ ಬಕೆಟ್‌ಗೆ ಅದೇ ಕೆರೆಯ ನೀರೇ ಆಗಬೇಕು. ಬೋರ್‌ವೆಲ್ ನೀರಿಗೆ ಹಾಕಿದರೆ ಸಪ್ಪಗಾಗುತ್ತವೆ. ಮೇಲೆ ಒದ್ದೆ ಗೋಣಿ ಹೊದಿಸಿ, ನೀರು ಬೆಚ್ಚಗಾಗುವ ಮುಂಚೆ ಬದಲಿಸುತ್ತಿರಬೇಕು. ಒಣಗೈಯಲ್ಲಿ ಮುಟ್ಟಿದರೆ ಮೈಮೇಲಿನ ಲೋಳೆ ಕಿತ್ತುಬರುತ್ತದೆ. ಕೈ ನೆನೆಸಿಕೊಂಡೇ ಹಿಡಿಯಬೇಕು. ಬಕೆಟ್ ತುಂಬ ತುಂಬಿಕೊಂಡು ಹೋಗುವವರನ್ನು ಕಂಡಿದ್ದೇನೆ, ಅರ್ಧ ಅಲ್ಲೇ ಉಸಿರುಗಟ್ಟಿ ಸಾಯುತ್ತವೆ. ಇದು ನನಗೆ ಸಹಿಸದ ವಿಷಯ.

ಗಾಳವನ್ನು ಬೆನ್ನಿನ ರೆಕ್ಕೆಯ ಕೆಳಗೆ, ಚರ್ಮದ ಹತ್ತಿರದಲ್ಲೇ ಸಿಕ್ಕಿಸಬೇಕು. ಬೆನ್ನುಮೂಳೆಗೆ ತಾಗಿದರೆ ಸಸಲು ಆಗಲೇ ಹೋಯಿತು. ಗಾಳಿಗೆ ತೆಪ್ಪ ತೇಲುತ್ತಿದ್ದರೆ ಮೇಲ್ದುಟಿಯೇ ಒಳ್ಳೆಯದು, ಎಳೆದ ಕಡೆ ಮುಖ ಮಾಡಿ ಈಜುತ್ತದೆ. ಸೀಸ ಕಟ್ಟುವುದಿಲ್ಲ. ತಂಗೂಸಿಗೆ ಒಂದು ಚಿಕ್ಕ ಬೆಂಡು ಸಾಕು.

ತೆಪ್ಪದ ವಿಷಯಕ್ಕೆ ಬಂದರೆ, ನನಗೆ ಹುಟ್ಟು ಹಾಕಲು ಕಲಿಸಿದ ಹಿರಿಯರು ಒಂದೇ ಮಾತು ಹೇಳುತ್ತಿದ್ದರು: "ಮೀನ್ಗೆ ಎರೆ ಕಾಣ್ಬೇಕು ಕನಪ್ಪ, ನೀನ್ ಕಾಣ್ಬಾರ್ದು." ದುಂಡನೆಯ ತೆಪ್ಪ ಬದಿಯಿಂದ ಹುಟ್ಟು ಹಾಕಿದರೆ ಗಿರಗಿರ ತಿರುಗುತ್ತದೆ. ಮುಂದಕ್ಕೆ ಬಾಗಿ, ನೀರನ್ನು ನಮ್ಮ ಕಡೆಗೆ ಎಳೆದುಕೊಂಡಂತೆ ಹಾಕಬೇಕು. ಹುಟ್ಟು ಅಂಚಿಗೆ ಟಕ್ ಎಂದರೆ ಆ ಜಾಗದ ಆಸೆ ಬಿಡುವುದೇ ವಾಸಿ. ಆಷಾಢದ ಗಾಳಿಯಲ್ಲಿ ತೆಪ್ಪ ನಿಲ್ಲುವುದೇ ಇಲ್ಲ, ಹಗ್ಗಕ್ಕೆ ಕಲ್ಲು ಕಟ್ಟಿ ಜೊಂಡಿನಿಂದ ದೂರದಲ್ಲೇ ಮೆಲ್ಲಗೆ ಇಳಿಬಿಡಬೇಕು. ಈಜು ಬಾರದವರನ್ನು ನಾನು ತೆಪ್ಪಕ್ಕೆ ಹತ್ತಿಸುವುದಿಲ್ಲ.

ಕೊರವ ಹತ್ತಿರ ಬಂದದ್ದನ್ನು ಸಸಲೇ ಹೇಳುತ್ತದೆ. ಸುಮ್ಮನೆ ಅಲೆಯುತ್ತಿದ್ದ ಬೆಂಡು ಇದ್ದಕ್ಕಿದ್ದಂತೆ ನಡುಗಿ ಅತ್ತಿತ್ತ ಓಡುತ್ತದೆ. ಆಮೇಲೆ ಗುಳುಂ. ಆ ಗಳಿಗೆಯಲ್ಲಿ ಎಳೆಯಬಾರದು. ಎರೆಯನ್ನು ಅಡ್ಡಲಾಗಿ ಕಚ್ಚಿಕೊಂಡು ಹೋಗಿ, ತಿರುಗಿಸಿ, ತಲೆ ಮುಂದಾಗಿ ನುಂಗುವುದು ಅದರ ಕ್ರಮ. ದಾರ ಒಮ್ಮೆ ನಿಂತು ಮತ್ತೆ ಓಡತೊಡಗಿದಾಗ ಎಳೆದರೆ ಗಾಳ ನಾಟುತ್ತದೆ. ತೀರಾ ತಡ ಮಾಡಿದರೆ ಗಾಳ ಹೊಟ್ಟೆಗಿಳಿದು, ಬಿಡಬೇಕಾದ ಚಿಕ್ಕ ಮೀನೂ ಉಳಿಯುವುದಿಲ್ಲ.

ಕಪ್ಪೆ ಸಿಕ್ಕಿಸಿದರೆ ಕೊರವ ಬೇಗ ಬೀಳುತ್ತದೆ ಎನ್ನುವವರಿದ್ದಾರೆ. ನಿಜವಿರಬಹುದು, ನಾನು ಸಿಕ್ಕಿಸುವುದಿಲ್ಲ. ಕಪ್ಪೆ ಕಾಲಿನ ರಫ್ತನ್ನು ಸರ್ಕಾರ 1987ರಲ್ಲಿ ನಿಲ್ಲಿಸಿದ್ದರ ಹಿಂದೆ, ಕಪ್ಪೆ ತಗ್ಗಿದರೆ ಹೊಲದಲ್ಲಿ ಹುಳ ಹೆಚ್ಚುತ್ತದೆ ಎಂಬ ಕಾಳಜಿಯೂ ಇತ್ತು. ಕೆರೆ ಕೆಳಗೆ ಹೊಲ ಇರುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಅದಕ್ಕಿಂತ ದೊಡ್ಡ ಚಿಂತೆ ಜಿಲೇಬಿ ಮೀನಿನ ಮರಿಯದು. ಗಟ್ಟಿ ಜೀವ, ಬಕೆಟ್‌ನಲ್ಲಿ ಸಾಯುವುದಿಲ್ಲ ಎಂದು ಒಂದು ಕೆರೆಯಿಂದ ಇನ್ನೊಂದಕ್ಕೆ ಎರೆಯಾಗಿ ಒಯ್ದು, ಉಳಿದವನ್ನು ಅಲ್ಲೇ ಸುರಿದು ಬರುತ್ತಾರೆ. ಆಫ್ರಿಕಾ ಮೂಲದ ಈ ಮೀನು ಭಾರತಕ್ಕೆ ಬಂದದ್ದು 1952ರಲ್ಲಿ. ಬಾಯಲ್ಲೇ ಮೊಟ್ಟೆ ಕಾಯುತ್ತಾ ವರ್ಷದಲ್ಲಿ ಹಲವು ಸಲ ಮರಿ ಮಾಡುತ್ತದೆ. ಹೊಕ್ಕ ಕೆರೆಯಿಂದ ಅದನ್ನು ತೆಗೆಯುವುದು ಹೆಚ್ಚುಕಡಿಮೆ ಆಗದ ಮಾತು. ಆಮೇಲೆ ಸಸಲಿಗೆ ಮೇವೂ ಇಲ್ಲ, ಜಾಗವೂ ಇಲ್ಲ. ಎರೆ ಹಿಡಿದ ಕೆರೆಯಲ್ಲೇ ಗಾಳ ಹಾಕಿ, ಉಳಿದ ಸಸಲನ್ನು ಅದೇ ನೀರಿಗೆ ಬಿಟ್ಟು ಬಕೆಟ್ ಬರಿದು ಮಾಡಿಕೊಂಡು ಬನ್ನಿ ಎಂದು ಜೊತೆಗೆ ಬರುವ ಹುಡುಗರಿಗೆ ಪ್ರತಿ ಸಲ ಹೇಳುತ್ತೇನೆ. ಮುಂಗಾರಿನಲ್ಲಿ ನೀರ ಮೇಲೆ ಕೆಂಪು ಮರಿಗಳ ಗುಂಪು ಕಂಡರೆ ಕೆಳಗೆ ಕಾವಲಿಗೆ ಕೊರವ ಇದ್ದೇ ಇರುತ್ತದೆ. ಅಲ್ಲಿ ಗಾಳ ಬಿಡಬೇಡಿ ಎಂದೂ ಹೇಳುತ್ತೇನೆ.